ಸಿದ್ಧಾಂತ ಗ್ರಂಥಗಳ ಮುದ್ರಣ, ಗ್ರಂಥಸ್ವಾಮ್ಯ ಮತ್ತು ಅಚೌರ್ಯವ್ರತ

ಪ್ರತಿವರ್ಷ ಜ್ಯೇಷ್ಠ ಶುಕ್ಲ ಪಂಚಮಿಯಂದು ದಿಗಂಬರ ಬಸದಿಗಳಲ್ಲಿ ಶ್ರುತಪೂಜೆ ನಡೆಯುತ್ತದೆ. ಷಟ್ಖಂಡಾಗಮದ ಮುದ್ರಿತ ಸಂಪುಟಗಳನ್ನು ಪೀಠದ ಮೇಲಿರಿಸಿ ಅರ್ಘ್ಯವೆತ್ತಲಾಗುತ್ತದೆ. ಕೇಳಿದವರಿಗೆಲ್ಲ ಇಂದು ದೊರೆಯುವ ಈ ಸಂಪುಟಗಳ ಮೂಲವು 19ನೆಯ ಶತಮಾನದ ಕೊನೆಯವರೆಗೆ ಒಂದೇ ಒಂದು ಸ್ಥಳದಲ್ಲಿ, ಮೂಡುಬಿದಿರೆಯ ಸಿದ್ಧಾಂತ ಬಸದಿಯ ಭಂಡಾರದಲ್ಲಿ, ಓಲೆಗರಿಗಳ ರೂಪದಲ್ಲಿ ಮಾತ್ರ ಉಳಿದಿತ್ತೆಂಬುದನ್ನು ಪೂಜೆಗೆ ನಿಂತವರಲ್ಲಿ ಎಷ್ಟು ಜನ ಬಲ್ಲರೋ ತಿಳಿಯದು. ಅದು ಅಲ್ಲಿಂದ ಹೊರಬಂದ ಬಗೆಯಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು. ಆ ಕಥೆಯಲ್ಲಿ ಶಾಸ್ತ್ರದಾನವೂ ಇದೆ, ಅದತ್ತಾದಾನವೂ ಇದೆ. ಕೊಟ್ಟದ್ದು ಯಾವುದು, ಕೊಡದೆ ತೆಗೆದುಕೊಂಡದ್ದು ಯಾವುದು ಎಂದು ವಿಂಗಡಿಸುವುದು ಅಂದಿನವರಿಗೂ ಸುಲಭವಾಗಿರಲಿಲ್ಲ.

ಈ ಪ್ರಶ್ನೆ ಈಗ ಬೇರೊಂದು ರೂಪದಲ್ಲಿ ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯ ಮುಂದೆಯೂ ಬರುತ್ತಿದೆ. ವ್ರತದ ಉದ್ಯಾಪನೆಗಾಗಿ, ತಂದೆತಾಯಿಗಳ ಪುಣ್ಯಸ್ಮರಣೆಗಾಗಿ, ಪಾಠಶಾಲೆಯ ಮಕ್ಕಳಿಗಾಗಿ ಸಣ್ಣಸಣ್ಣ ಪುಸ್ತಕಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚುವುದು ಜೈನ ಕುಟುಂಬಗಳಲ್ಲಿ ಬಹುಕಾಲದ ಸತ್ಸಂಪ್ರದಾಯ. ಒಂದು ಸ್ತೋತ್ರವನ್ನು ಒಬ್ಬ ಪಂಡಿತರ ಪುಸ್ತಕದಿಂದಲೂ, ಅದರ ಕನ್ನಡ ಅರ್ಥವನ್ನು ಇನ್ನೊಬ್ಬರ ಪುಸ್ತಕದಿಂದಲೂ ತೆಗೆದು ಮುದ್ರಕರಿಗೆ ಕೊಡಲಾಗುತ್ತದೆ. ‘ಧರ್ಮದ ಕೆಲಸ, ಮಾರಾಟಕ್ಕಲ್ಲ’ ಎಂಬ ಒಂದೇ ಮಾತಿನಿಂದ ಎಲ್ಲ ಸಂದೇಹಗಳೂ ಪರಿಹಾರವಾದಂತೆ ಭಾವಿಸಲಾಗುತ್ತದೆ. ಆ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಮೂಡುಬಿದಿರೆಯ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಪರಂಪರೆಯ ಪ್ರಕಾರ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆಯೇ ಶ್ರುತವು ಅಳಿಯಬಾರದೆಂದು, ಇಬ್ಬರು ಸಮರ್ಥ ಮುನಿಗಳನ್ನು ಕರೆಸಿ ಉಪದೇಶಿಸಿದರು. ಅವರಲ್ಲಿ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ಕನ್ನಡ ನಾಡಿನ ಬನವಾಸಿಯ ಕಡೆಗೆ ಬಂದು ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿದರು. ಉಳಿದುದನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಅದಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಟೀಕೆಯೇ ಧವಲಾ; ಅದರ ಪ್ರಮಾಣ ಸುಮಾರು 72,000 ಶ್ಲೋಕಗಳಷ್ಟು. ಕಷಾಯಪಾಹುಡದ ಮೇಲಿನ ಜಯಧವಲಾ ಟೀಕೆಯನ್ನು ವೀರಸೇನರು ಆರಂಭಿಸಿ, ಅವರ ಶಿಷ್ಯರಾದ ಜಿನಸೇನರು 837ರಲ್ಲಿ ಸಂಪೂರ್ಣಗೊಳಿಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವು ಮಹಾಧವಲವೆಂದು ಜನರಲ್ಲಿ ಪ್ರಸಿದ್ಧವಾಯಿತು.

ವೀರಸೇನರು ತಮ್ಮ ಟೀಕೆಯ ಆರಂಭದಲ್ಲಿಯೇ ಕರ್ತೃವಿನ ವಿಚಾರವನ್ನು ಎತ್ತಿಕೊಳ್ಳುತ್ತಾರೆ. ಅರ್ಥಕರ್ತೃ ಬೇರೆ, ಗ್ರಂಥಕರ್ತೃ ಬೇರೆ. ಅರ್ಥಕ್ಕೆ ಭಗವಾನ್ ಮಹಾವೀರರು ಕರ್ತೃ. ಅದನ್ನು ಗ್ರಂಥರೂಪಕ್ಕೆ ತಂದವರು ಗೌತಮ ಗಣಧರರು. ಅಲ್ಲಿಂದ ಮುಂದೆ ಯಾರು ಯಾರಿಂದ ಪಡೆದರೆಂಬ ಪರಂಪರೆ. ದಕ್ಷಿಣದ ಆಚಾರ್ಯರ ಅಭಿಪ್ರಾಯ ಒಂದು, ಉತ್ತರದವರದು ಇನ್ನೊಂದು ಎಂದಾಗ ಅದನ್ನೂ ಮರೆಮಾಚದೆ ಹೇಳುತ್ತಾರೆ. ಕಾಯಿದೆಯೆಂಬುದು ಇಲ್ಲದ ಕಾಲದಲ್ಲಿಯೂ, ತಾನು ಯಾರಿಗೆ ಋಣಿಯೆಂಬುದನ್ನು ದಾಖಲಿಸುವುದು ಗ್ರಂಥಕಾರನ ಮೊದಲ ಕರ್ತವ್ಯವಾಗಿತ್ತು. ಇಂದಿನ ಅನೇಕ ಧಾರ್ಮಿಕ ಪುಸ್ತಕಗಳಲ್ಲಿ ದಾನಿಗಳ ಭಾವಚಿತ್ರವಿರುತ್ತದೆ, ಅನುವಾದಕರ ಹೆಸರಿರುವುದಿಲ್ಲ.

ಪ್ರತಿ ಮಾಡಿಸಿ ಹಂಚುವುದಕ್ಕೂ ಈ ನಾಡಿನಲ್ಲಿ ದೊಡ್ಡ ಪರಂಪರೆಯಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ಮೂಡುಬಿದಿರೆಯ ಮಹಾಬಂಧದ ಓಲೆಪ್ರತಿಯೂ ಅಂತಹ ಒಂದು ದಾನವೇ. ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಓದಲೆಂದು ಕೊಟ್ಟ ಗ್ರಂಥವು ಶತಮಾನಗಳು ಕಳೆದಂತೆ ದರ್ಶನಕ್ಕೆ ಮಾತ್ರ ಮೀಸಲಾದುದು ಕಾಲದ ಪ್ರಭಾವವೆನ್ನಬೇಕು.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಸಂಘಸಮೇತರಾಗಿ ಮೂಡುಬಿದಿರೆಗೆ ಯಾತ್ರೆ ಬಂದರು. ರತ್ನಬಿಂಬಗಳ ದರ್ಶನದ ಜೊತೆಗೆ ಧವಲಾದಿ ಗ್ರಂಥಗಳ ದರ್ಶನವೂ ಆಯಿತು. ಗರಿಗಳು ಜೀರ್ಣವಾಗುತ್ತಿರುವುದು ವ್ಯಾಪಾರಿಯ ಕಣ್ಣಿಗೆ ಬೀಳದಿರಲಿಲ್ಲ. ಅವರು ಈ ವಿಷಯವನ್ನು ಸೊಲ್ಲಾಪುರದ ತಮ್ಮ ಆಪ್ತಮಿತ್ರರಾದ ಸೇಠ್ ಹೀರಾಚಂದ ನೇಮಚಂದರಿಗೆ ಬರೆದರು. ಮರುವರ್ಷ ಹೀರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೊಡನೆ ಮೂಡುಬಿದಿರೆಗೆ ಬಂದರು. ಆ ಹಳೆಯ ಕನ್ನಡ ಲಿಪಿಯನ್ನು ಓದಬಲ್ಲವರು ಅಂದು ವಿರಳ. ಶಾಸ್ತ್ರಿಗಳು ಮಂಗಳಾಚರಣೆಯನ್ನು ಓದಿ ಹೇಳಿದರು. ಮುಂದೆ ಅಜ್ಮೀರದ ಸೇಠ್ ಮೂಲಚಂದ ಸೋನಿಯವರು ಪ್ರತಿ ಮಾಡಿಸಲು ಪ್ರಯತ್ನಿಸಿದಾಗ ಸುಮಾರು 300 ಶ್ಲೋಕಗಳಷ್ಟು ಬರೆದು ಕೆಲಸ ನಿಂತಿತು. ಪ್ರತಿಯು ಅಜ್ಮೀರಕ್ಕೆ ಹೋಗುವುದು ಕ್ಷೇತ್ರದವರಿಗೆ ಒಪ್ಪಿಗೆಯಾಗಲಿಲ್ಲ.

1895ರ ಸುಮಾರಿಗೆ ಮಾಣಿಕಚಂದರೂ ಹೀರಾಚಂದರೂ ಮತ್ತೆ ಕೈಹಾಕಿದರು. ಸಮಾಜದಿಂದ ಸುಮಾರು 14,000 ರೂಪಾಯಿ ಕೂಡಿತು. ಬ್ರಹ್ಮಸೂರಿ ಶಾಸ್ತ್ರಿಗಳಿಗೆ ತಿಂಗಳಿಗೆ 125 ರೂಪಾಯಿ ವೇತನ ಗೊತ್ತುಮಾಡಿ, ಅವರಿಗೆ ಸಹಾಯಕರಾಗಿ ಮಿರಜದ ಗಜಪತಿ ಶಾಸ್ತ್ರಿಗಳನ್ನು ನೇಮಿಸಲಾಯಿತು. ಕೆಲಸ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ಬ್ರಹ್ಮಸೂರಿಗಳು ದಿವಂಗತರಾದುದರಿಂದ ಗಜಪತಿ ಶಾಸ್ತ್ರಿಗಳೇ ಮುಂದುವರಿದು ಧವಲಾ ಮತ್ತು ಜಯಧವಲಾಗಳ ನಾಗರೀ ಪ್ರತಿಯನ್ನು ಮುಗಿಸಿದರು. ಜೊತೆಜೊತೆಗೆ ಕನ್ನಡ ಲಿಪಿಯ ಪ್ರತಿಯೂ ಸಿದ್ಧವಾಯಿತು. ಮಹಾಬಂಧದ ನಾಗರೀ ಪ್ರತಿಯನ್ನು ಪಂಡಿತ ಲೋಕನಾಥ ಶಾಸ್ತ್ರಿಗಳು ಬರೆದರು. 1896ರಿಂದ 1922ರವರೆಗೆ, 26 ವರ್ಷಗಳಲ್ಲಿ, ಸುಮಾರು 20,000 ರೂಪಾಯಿ ವೆಚ್ಚವಾಯಿತು. ಇಷ್ಟೆಲ್ಲ ಆದಮೇಲೂ ಈ ಪ್ರತಿಗಳೆಲ್ಲವೂ ಮೂಡುಬಿದಿರೆಯಲ್ಲಿಯೇ ಉಳಿದವು. ಹೊರಗೆ ಕೊಡಬಾರದೆಂಬುದು ಕ್ಷೇತ್ರದವರ ನಿಲುವು.

ಈ ನಿಲುವನ್ನು ಇಂದು ಸಂಕುಚಿತವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ರಾಜ್ಯಗಳು ಉರುಳಿ, ಇತರ ಭಂಡಾರಗಳ ಗ್ರಂಥಗಳು ಗೆದ್ದಲಿಗೂ ಬೆಂಕಿಗೂ ಆಹುತಿಯಾದ ಶತಮಾನಗಳಲ್ಲಿ ಮೂಡುಬಿದಿರೆಯ ಭಟ್ಟಾರಕರೂ ಶ್ರಾವಕರೂ ಈ ಗರಿಗಳನ್ನು ಕಾಪಾಡಿಕೊಂಡು ಬಂದರು. ಸಿದ್ಧಾಂತ ದರ್ಶನಕ್ಕಾಗಿ ದೂರದೂರದಿಂದ ಯಾತ್ರಿಕರು ಬರುತ್ತಿದ್ದರು. ಗ್ರಂಥವು ಊರೂರಿಗೆ ಹೋದರೆ ಕ್ಷೇತ್ರದ ಮಹಿಮೆ ಕುಂದೀತೆಂಬ ಅಳುಕು ಮನುಷ್ಯಸಹಜ. ಗೃಹಸ್ಥರು ಸಿದ್ಧಾಂತವನ್ನು ಓದುವ ಅಧಿಕಾರಿಗಳಲ್ಲವೆಂಬ ಅಭಿಪ್ರಾಯವೂ ಆಗ ಪ್ರಬಲವಾಗಿತ್ತು.

ಇನ್ನು ಗಜಪತಿ ಶಾಸ್ತ್ರಿಗಳ ಪ್ರಸಂಗ. ಹಗಲು ಕ್ಷೇತ್ರಕ್ಕಾಗಿ ಪ್ರತಿ ಮಾಡುತ್ತಿದ್ದ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿಯನ್ನು ಮಾಡಿಕೊಂಡಿದ್ದರು. ಅದನ್ನು ತೆಗೆದುಕೊಂಡು ಅವರು ಮೊದಲು ಹೋದದ್ದು ಸೊಲ್ಲಾಪುರಕ್ಕೆ, ಹೀರಾಚಂದರ ಬಳಿಗೆ. ಪ್ರತಿಯನ್ನು ಇಟ್ಟುಕೊಂಡು ತಮ್ಮ ಶ್ರಮಕ್ಕೆ ತಕ್ಕ ಪ್ರತಿಫಲ ಕೊಡಬೇಕೆಂದು ಕೇಳಿದರು. ಹೀರಾಚಂದರು ನಿರಾಕರಿಸಿದರು. ಅಷ್ಟೇ ಅಲ್ಲ, ಮಾಣಿಕಚಂದರೂ ಅದನ್ನು ಇಟ್ಟುಕೊಳ್ಳಬಾರದೆಂದು ಅವರಿಗೆ ಪತ್ರ ಬರೆದರು.

ಈ ನಿರಾಕರಣೆಯ ಬೆಲೆಯನ್ನು ಎಣಿಸಿ ನೋಡಬೇಕು. ಹೀರಾಚಂದರು ಮುದ್ರಣದ ವಿರೋಧಿಗಳಲ್ಲ. ‘ಜೈನ ಬೋಧಕ’ ಪತ್ರಿಕೆಯನ್ನು ಸ್ಥಾಪಿಸಿದವರೇ ಅವರು. ಆ ಗ್ರಂಥವು ಬೆಳಕಿಗೆ ಬರಲೆಂದು ಅವರಷ್ಟು ಹಂಬಲಿಸಿದವರು, ಓಡಾಡಿದವರು, ಹಣ ಕೂಡಿಸಿದವರು ಇನ್ನೊಬ್ಬರಿಲ್ಲ. ಹಂಬಲಿಸಿದ ವಸ್ತುವು ತಾನಾಗಿಯೇ ಮನೆಯ ಬಾಗಿಲಿಗೆ ಬಂದಾಗ ಅವರು ಅದನ್ನು ಮುಟ್ಟಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪ್ರತಿಗಳು ಕ್ಷೇತ್ರದಲ್ಲಿಯೇ ಉಳಿಯತಕ್ಕವೆಂಬುದನ್ನು ಅರಿತೇ ಅವರು ಲಿಪಿಕಾರರನ್ನು ಅಲ್ಲಿಗೆ ಕಳುಹಿಸಿದ್ದರು. ಕದ್ದು ತಂದದ್ದನ್ನು ಕೊಳ್ಳುವುದಕ್ಕೆ ತತ್ತ್ವಾರ್ಥಸೂತ್ರವು ತದಾಹೃತಾದಾನವೆಂದು ಹೆಸರಿಟ್ಟು, ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಸೇರಿಸಿದೆ. ತಾನು ಕದಿಯಲಿಲ್ಲವೆಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿಲ್ಲ.

ಶಾಸ್ತ್ರಿಗಳು ಅಲ್ಲಿಂದ ಸಹಾರನಪುರಕ್ಕೆ ಹೋದರು. ಅಲ್ಲಿಯ ಲಾಲಾ ಜಂಬೂಪ್ರಸಾದರು ಪ್ರತಿಯನ್ನು ಪಡೆದು ತಮ್ಮ ಜಿನಮಂದಿರದಲ್ಲಿ ಇರಿಸಿದರು; ಮುಂದೆ ಪಂಡಿತ ವಿಜಯಚಂದ್ರಯ್ಯ ಮತ್ತು ಪಂಡಿತ ಸೀತಾರಾಮ ಶಾಸ್ತ್ರಿಗಳಿಂದ ನಾಗರೀ ಪ್ರತಿ ಮಾಡಿಸಿದರು. ಅದು 1923ರ ವೇಳೆಗೆ ಮುಗಿಯಿತು. ಲಾಲಾಜಿಯವರೂ ಅದನ್ನು ಹೊರಗೆ ಕೊಡಬಯಸಲಿಲ್ಲ. ಆದರೆ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಒಂದು ಪ್ರತಿಯನ್ನು ಉಳಿಸಿಕೊಂಡಿದ್ದರು! ಅದರಿಂದ ಮಾಡಿದ ಪ್ರತಿಗಳು ಆರಾ, ಕಾರಂಜಾ, ಸಾಗರ, ಅಮರಾವತಿ ಮೊದಲಾದ ಸ್ಥಳಗಳನ್ನು ತಲುಪಿದವು. ಮೂಡುಬಿದಿರೆಯಿಂದ ಗುಪ್ತವಾಗಿ ಬಂದದ್ದು ಸಹಾರನಪುರದಿಂದಲೂ ಗುಪ್ತವಾಗಿಯೇ ಹೊರಟಿತೆಂಬುದು ವಿಚಿತ್ರವಾದರೂ ನಿಜ.

ಈ ಪ್ರತಿಗಳ ಆಧಾರದ ಮೇಲೆ ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು, ಪಂಡಿತ ಫೂಲಚಂದ್ರ ಶಾಸ್ತ್ರಿ, ಪಂಡಿತ ಹೀರಾಲಾಲ ಶಾಸ್ತ್ರಿ ಮೊದಲಾದವರ ಸಹಕಾರದಿಂದ, ಧವಲಾ ಟೀಕೆಯನ್ನು ಹಿಂದೀ ಅನುವಾದದೊಡನೆ ಸಂಪಾದಿಸತೊಡಗಿದರು. ಭೇಲ್ಸಾದ ಸೇಠ್ ಲಕ್ಷ್ಮೀಚಂದ್ರರ ದಾನದಿಂದ ಸ್ಥಾಪಿತವಾದ ನಿಧಿಯು ವೆಚ್ಚವನ್ನು ವಹಿಸಿತು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆಯವರ ನೆರವೂ ಅದಕ್ಕಿತ್ತು. 1939ರಲ್ಲಿ ಮೊದಲ ಸಂಪುಟ, 1958ರಲ್ಲಿ 16ನೆಯ ಹಾಗೂ ಕೊನೆಯ ಸಂಪುಟ ಹೊರಬಂದವು. ಇಲ್ಲಿ ಹೇಳಿದ ಪ್ರತಿಲಿಪಿಗಳ ವೃತ್ತಾಂತದ ಬಹುಭಾಗವು ಹೀರಾಲಾಲರೇ ಪ್ರಸ್ತಾವನೆಯಲ್ಲಿ ಏನನ್ನೂ ಮುಚ್ಚಿಡದೆ ದಾಖಲಿಸಿದ್ದು. ತಮ್ಮ ಕೈಗೆ ಬಂದ ಪ್ರತಿಯ ಮೂಲವು ನಿರ್ಮಲವಲ್ಲವೆಂದು ಮೊದಲ ಸಂಪುಟದಲ್ಲಿಯೇ ಬರೆಯಲು ಧೈರ್ಯ ಬೇಕು.

ಹಾಗಾದರೆ ಇದು ಕಳವೇ? ಪ್ರಶ್ನೆಯನ್ನು ಎದುರಿಸಲು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಷ್ಟು ಸಹಾಯಕವಾದುದು ಇನ್ನೊಂದಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಸ್ತೇಯವೆಂದು ಉಮಾಸ್ವಾಮಿಗಳು ಲಕ್ಷಣ ಹೇಳಿದ್ದಾರೆ. ಅದಕ್ಕೆ ಪೂಜ್ಯಪಾದರು ತಾವೇ ಒಂದು ಆಕ್ಷೇಪವನ್ನು ಕಲ್ಪಿಸುತ್ತಾರೆ. ಭಿಕ್ಷೆಗೆ ಹೊರಟ ಮುನಿಯು ಊರಿನ ಬೀದಿಗಳಲ್ಲಿ ನಡೆಯುತ್ತಾನೆ, ಊರಬಾಗಿಲನ್ನು ದಾಟುತ್ತಾನೆ. ಯಾರೂ ಅವನಿಗೆ ಅವುಗಳನ್ನು ಕೊಟ್ಟಿಲ್ಲ. ಹಾಗಾದರೆ ಅದೂ ಅದತ್ತಾದಾನವೇ? ಅಲ್ಲವೆನ್ನುತ್ತಾರೆ ಆಚಾರ್ಯರು. ಬೀದಿಯೂ ಊರಬಾಗಿಲೂ ಎಲ್ಲರಿಗಾಗಿ ಬಿಟ್ಟಿರುವಂಥವು. ಆದುದರಿಂದಲೇ ಆ ಮುನಿಯು ಮುಚ್ಚಿದ ಬಾಗಿಲನ್ನು ಪ್ರವೇಶಿಸುವುದಿಲ್ಲ, ಏಕೆಂದರೆ ಅದು ಎಲ್ಲರಿಗಾಗಿ ಬಿಟ್ಟದ್ದಲ್ಲ. ಕೊಡುವುದು ಮತ್ತು ತೆಗೆದುಕೊಳ್ಳುವುದು ಎಂಬ ವ್ಯವಹಾರ ಎಲ್ಲಿ ಸಂಭವಿಸುತ್ತದೆಯೋ ಅಲ್ಲಿ ಮಾತ್ರ ಸ್ತೇಯದ ಮಾತು.

ಈ ಅಳತೆಗೋಲಿನಿಂದ ನೋಡಿದರೆ ಎರಡು ವಸ್ತುಗಳು ಬೇರೆಬೇರೆಯಾಗಿ ಕಾಣಿಸುತ್ತವೆ. ಭೂತಬಲಿ, ವೀರಸೇನರ ವಾಣಿಯು ಬೀದಿಯಂತೆ. ಅದು ಎಂದೋ ಎಲ್ಲರಿಗಾಗಿ ಬಿಟ್ಟದ್ದು, ಅದಕ್ಕೆ ಒಡೆಯರಿಲ್ಲ. ಓಲೆಗರಿ, ಭಂಡಾರ, ಅದರ ಕೀಲಿಕೈ, ಲಿಪಿಕಾರನಿಗೆ ವಿಧಿಸಿದ ಕಟ್ಟಳೆ, ಇವು ಬಾಗಿಲು. ಗಜಪತಿ ಶಾಸ್ತ್ರಿಗಳು ಶಾಸ್ತ್ರವನ್ನು ಕದಿಯಲಿಲ್ಲ, ನಂಬಿಕೆಯನ್ನು ಕದ್ದರು. ಅದರ ಫಲವಾಗಿ ಸಮಾಜಕ್ಕೆ ಮಹೋಪಕಾರವಾಯಿತೆಂಬುದು ಸತ್ಯ. ಉಪಕಾರವಾಯಿತೆಂಬ ಕಾರಣಕ್ಕೆ ಕೃತ್ಯದ ಹೆಸರು ಬದಲಾಗಬೇಕಾಗಿಲ್ಲ. ಎಲ್ಲರದ್ದಾದ ಬೀದಿಗೆ ಬಾಗಿಲಿಟ್ಟವರ ಕಡೆಯೂ ಸ್ವಲ್ಪ ಅಂತರಾಯದೋಷವಿತ್ತೆಂದು ಒಪ್ಪಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ಬಾಗಿಲು ತೆರೆಯಿತು. ಸಂಪುಟಗಳ ಯೋಗ್ಯತೆಯನ್ನು ಕಂಡ ಮೂಡುಬಿದಿರೆಯ ಭಟ್ಟಾರಕ ಶ್ರೀ ಚಾರುಕೀರ್ತಿ ಸ್ವಾಮಿಗಳೂ ಅಲ್ಲಿಯ ಪಂಚರೂ ಔದಾರ್ಯ ತೋರಿ, ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಲು ಅನುಮತಿಯಿತ್ತರು. ಮುಂದಿನ ಸಂಪುಟಗಳಿಗೆ ಇದರಿಂದ ಆದ ಲಾಭ ಅಪಾರ. ಪ್ರತಿಯಿಂದ ಪ್ರತಿಗೆ, ಕನ್ನಡದಿಂದ ನಾಗರಿಗೆ ಇಳಿಯುತ್ತ ಬಂದ ಪಾಠದಲ್ಲಿ ತಪ್ಪುಗಳು ತುಂಬಿದ್ದವು. ಸತ್ಪ್ರರೂಪಣೆಯ 93ನೆಯ ಸೂತ್ರದ ಉದಾಹರಣೆ ವಿದ್ವಾಂಸರಿಗೆ ತಿಳಿದದ್ದೇ. ಕೈಯಲ್ಲಿದ್ದ ಪ್ರತಿಗಳಲ್ಲಿ ‘ಸಂಜದ’ ಎಂಬ ಪದ ಇರಲಿಲ್ಲ. ಟೀಕೆಯ ಅರ್ಥವನ್ನು ತೂಗಿ ನೋಡಿ, ಅಲ್ಲಿ ಆ ಪದ ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದೊಡ್ಡ ವಾದವೇ ಎದ್ದಿತು. ಓಲೆಪ್ರತಿಯನ್ನು ನೋಡಿದಾಗ ಪದ ಅಲ್ಲಿತ್ತು. ಆ ಸೂತ್ರದ ತಾತ್ಪರ್ಯದ ಚರ್ಚೆ ಇಲ್ಲಿಯ ವಿಷಯವಲ್ಲ. ಮೂಲವನ್ನು ಕಾಣದೆಯೇ ಒಂದು ಪದವನ್ನು ಗುರುತಿಸುವಷ್ಟು ಶ್ರಮ, ಪಾಂಡಿತ್ಯಗಳು ಆ ಪುಟದ ಹಿಂದಿವೆಯೆಂಬುದಷ್ಟೇ ಇಲ್ಲಿಗೆ ಮುಖ್ಯ. ಮಹಾಬಂಧವಂತೂ ಕ್ಷೇತ್ರದ ಒಪ್ಪಿಗೆಯಿಂದಲೇ ಪಂಡಿತ ಸುಮೇರುಚಂದ್ರ ದಿವಾಕರರಿಗೆ ದೊರೆತು, 1947ರಲ್ಲಿ ಅದರ ಮೊದಲ ಸಂಪುಟ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಕೇಳಿ ಪಡೆಯಲೂ ಸಾಧ್ಯವಿತ್ತೆಂಬುದಕ್ಕೆ ಇದು ಸಾಕ್ಷಿ.

ಇಲ್ಲಿಂದ ಹೊಸ ಸಮಸ್ಯೆ ಆರಂಭವಾಗುತ್ತದೆ. ಒಡೆಯರಿಲ್ಲದ ಶಾಸ್ತ್ರಕ್ಕೆ ಒಬ್ಬ ವಿದ್ವಾಂಸನು ವರ್ಷಗಟ್ಟಲೆ ದುಡಿದು ಅನುವಾದ ಬರೆದಾಗ, ಆ ಅನುವಾದಕ್ಕೆ ಒಡೆಯನಿರುತ್ತಾನೆ. ಭಾರತದಲ್ಲಿ 1914ರ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದು 1958ರ ಜನವರಿಯಿಂದ ಜಾರಿಯಾದ 1957ರ ಗ್ರಂಥಸ್ವಾಮ್ಯ ಕಾಯಿದೆಯೂ ಇದನ್ನು ಮನ್ನಿಸಿವೆ. ಲೇಖಕನ ಜೀವಮಾನ ಮತ್ತು ಅನಂತರದ 50 ವರ್ಷವೆಂದಿದ್ದ ಅವಧಿಯು, ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಸಂದರ್ಭದಲ್ಲಿ, 1992ರ ತಿದ್ದುಪಡಿಯಿಂದ 60 ವರ್ಷವಾಯಿತು. ಮರಣದ ಮರುವರ್ಷದ ಆರಂಭದಿಂದ ಈ 60 ವರ್ಷಗಳನ್ನು ಎಣಿಸಬೇಕು. ಇಬ್ಬರು ಕೂಡಿ ಬರೆದಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ. ಡಾ. ಹೀರಾಲಾಲ ಜೈನರು 1973ರಲ್ಲಿ ದಿವಂಗತರಾದರು. ಅವರೊಬ್ಬರೇ ಬರೆದ ಬರಹದ ಮೇಲಿನ ಹಕ್ಕು 2033ರ ಕೊನೆಯವರೆಗೆ ಇರುತ್ತದೆ. ಉಪಾಧ್ಯೆಯವರದು, 1975ರಲ್ಲಿ ತೀರಿಕೊಂಡುದರಿಂದ, 2035ರ ಕೊನೆಯವರೆಗೆ. ಆ ಹಕ್ಕು ಮನೆಯವರಲ್ಲಿದೆಯೋ ಪ್ರಕಾಶನ ಸಂಸ್ಥೆಯಲ್ಲಿದೆಯೋ ಎಂಬುದು ಅಂದಿನ ಕರಾರನ್ನು ಅವಲಂಬಿಸುತ್ತದೆ. ಪ್ರಸ್ತಾವನೆಯಲ್ಲಿರುವ ಸಂಗತಿಗಳು ಯಾರ ಸ್ವತ್ತೂ ಅಲ್ಲ, ಅವುಗಳನ್ನು ಹೇಳಿದ ವಾಕ್ಯಗಳು ಮಾತ್ರ ಲೇಖಕರವು. ವಿಷಯ, ಭಾವನೆ, ಐತಿಹಾಸಿಕ ಸಂಗತಿಗಳಿಗೆ ಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಧರ್ಮಗ್ರಂಥಗಳ ವಿಷಯದಲ್ಲಿ ದೆಹಲಿ ಹೈಕೋರ್ಟು 2023ರಲ್ಲಿ ಭಕ್ತಿವೇದಾಂತ ಬುಕ್ ಟ್ರಸ್ಟಿನ ಪ್ರಕರಣದಲ್ಲಿ ಹೇಳಿದ ಮಾತು ಪೂಜ್ಯಪಾದರ ದೃಷ್ಟಾಂತಕ್ಕೆ ಅಚ್ಚರಿಯೆನಿಸುವಷ್ಟು ಸಮೀಪವಾಗಿದೆ. ಭಗವದ್ಗೀತೆಯಂತಹ ಧರ್ಮಗ್ರಂಥದ ಮೂಲದಲ್ಲಿ ಯಾರೂ ಸ್ವಾಮ್ಯವನ್ನು ಹೇಳುವಂತಿಲ್ಲ. ಆದರೆ ಅದರ ವ್ಯಾಖ್ಯಾನ, ವಿವರಣೆ, ಸಂಗ್ರಹ, ರೂಪಾಂತರಗಳಲ್ಲಿ ಅವುಗಳನ್ನು ರಚಿಸಿದವರಿಗೆ ಸ್ವಾಮ್ಯವಿದೆ. ತತ್ತ್ವಾರ್ಥಸೂತ್ರ, ರತ್ನಕರಂಡಕ, ಭಕ್ತಾಮರ ಇವುಗಳ ಮೂಲವನ್ನು ಯಾರಾದರೂ ಅಚ್ಚು ಮಾಡಬಹುದು. ಪಕ್ಕದಲ್ಲಿರುವ ಕನ್ನಡ ಅರ್ಥವನ್ನು ಬರೆದವರು ಯಾರು, ಅವರು ಎಂದು ತೀರಿಕೊಂಡರು, ಅವರ ಮಕ್ಕಳು ಎಲ್ಲಿದ್ದಾರೆ ಎಂದು ವಿಚಾರಿಸದೆ ಅದನ್ನು ಅಚ್ಚು ಮಾಡಬಾರದು.

‘ಉಚಿತ ವಿತರಣೆ’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಕಾಯಿದೆಯ 63ನೆಯ ಕಲಮಿನಲ್ಲಿ ಉಲ್ಲಂಘನೆಗೆ 6 ತಿಂಗಳಿನಿಂದ 3 ವರ್ಷಗಳವರೆಗೆ ಕಾರಾಗೃಹವಾಸವನ್ನೂ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಹೇಳಿದೆ. ವ್ಯಾಪಾರಲಾಭಕ್ಕಾಗಿ ಮಾಡದಿದ್ದ ಪಕ್ಷದಲ್ಲಿ ವಿಶೇಷ ಕಾರಣಗಳನ್ನು ಬರೆದು ನ್ಯಾಯಾಲಯವು ಶಿಕ್ಷೆಯನ್ನು ಇಳಿಸಬಹುದಷ್ಟೆ. ತಪ್ಪು ತಪ್ಪಾಗಿಯೇ ಉಳಿಯುತ್ತದೆ. ‘ಬೆಲೆ: ಸ್ವಾಧ್ಯಾಯ’ ಎಂದು ಮುದ್ರಿಸಿದ ಪುಸ್ತಕವನ್ನು ಕಂಡು, ಹಕ್ಕನ್ನೂ ಬಿಟ್ಟುಕೊಟ್ಟಿದ್ದಾರೆಂದು ತಿಳಿಯುವುದು ಇನ್ನೊಂದು ತಪ್ಪು. ಕೊಟ್ಟದ್ದು ಪುಸ್ತಕವೇ ಹೊರತು ಮರುಮುದ್ರಣದ ಅಧಿಕಾರವಲ್ಲ. ಅನುವಾದಕರ ಹೆಸರನ್ನು ತೆಗೆದುಹಾಕಿ ‘ಸಂಗ್ರಹ’ವೆಂದು ಬೇರೊಬ್ಬರ ಹೆಸರು ಹಾಕುವುದಂತೂ ಅಗ್ಗದ ಲೋಹವನ್ನು ಚಿನ್ನವೆಂದು ಮಾರುವ ಪ್ರತಿರೂಪಕ ವ್ಯವಹಾರಕ್ಕೆ ಸಮಾನ. ತಾನೇ ಕರ್ತೃವೆಂದು ಹೇಳಿಕೊಳ್ಳುವ ಲೇಖಕನ ಅಧಿಕಾರವನ್ನು 57ನೆಯ ಕಲಮು ಕಾಪಾಡುತ್ತದೆ. ಹಕ್ಕನ್ನು ಮಾರಿದ ಮೇಲೂ ಅದು ಉಳಿಯುತ್ತದೆ.

ಕಾಯಿದೆಯು ಎಲ್ಲ ಬಾಗಿಲುಗಳನ್ನೂ ಮುಚ್ಚಿಲ್ಲವೆಂಬುದನ್ನೂ ಹೇಳಬೇಕು. 52ನೆಯ ಕಲಮಿನ ಪ್ರಕಾರ ಸ್ವಂತ ಅಧ್ಯಯನ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ ಇವುಗಳಿಗಾಗಿ ನ್ಯಾಯಸಮ್ಮತವಾಗಿ ಬಳಸಿಕೊಳ್ಳಬಹುದು. ಇಷ್ಟು ಸಾಲು, ಶೇಕಡಾ ಇಷ್ಟು ಎಂಬ ಲೆಕ್ಕ ಕಾಯಿದೆಯಲ್ಲಿಲ್ಲ. ಜನರ ಬಾಯಲ್ಲಿ ಓಡಾಡುವ ಶೇಕಡಾವಾರು ಲೆಕ್ಕಗಳಿಗೆ ಆಧಾರವಿಲ್ಲ. ಪಾಠಶಾಲೆಯ ಪುಸ್ತಕಕ್ಕೆ ಉಪಯುಕ್ತವಾದ ಒಂದು ವಿಶೇಷ ಅವಕಾಶವಿದೆ. ಪುಸ್ತಕದ ಹೆಚ್ಚಿನ ಭಾಗವು ಸ್ವಾಮ್ಯವಿಲ್ಲದ ಸಾಹಿತ್ಯವಾಗಿದ್ದು, ಬೋಧನೆಗಾಗಿಯೆಂದು ಶೀರ್ಷಿಕೆಯಲ್ಲಿಯೇ ತಿಳಿಸಿದ್ದರೆ, ಬೋಧನೆಗಾಗಿ ಪ್ರಕಟವಾಗಿರದ ಕೃತಿಗಳಿಂದ ಚಿಕ್ಕ ಭಾಗಗಳನ್ನು ಸೇರಿಸಬಹುದು. ಆದರೆ ಒಬ್ಬ ಲೇಖಕನ ಕೃತಿಗಳಿಂದ ಒಬ್ಬ ಪ್ರಕಾಶಕನು 5 ವರ್ಷಗಳಲ್ಲಿ ಎರಡಕ್ಕಿಂತ ಹೆಚ್ಚು ಭಾಗಗಳನ್ನು ಹೀಗೆ ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ಸಂಗತಿ: ಪೂಜೆ, ವಿಧಾನ, ವಿವಾಹಗಳಂತಹ ಧಾರ್ಮಿಕ ಸಮಾರಂಭದಲ್ಲಿ ಇತ್ತೀಚಿನ ಕವಿಯ ಭಜನೆಯನ್ನು ಹಾಡಿದರೆ ಅಡ್ಡಿಯಿಲ್ಲ; ಅದೇ ಭಜನೆಯನ್ನು ಅಚ್ಚು ಹಾಕಿಸಲು ಒಪ್ಪಿಗೆ ಬೇಕು. ಈ ವ್ಯತ್ಯಾಸವನ್ನು ಅರಿಯದೆ ಎಷ್ಟೋ ಭಜನಾವಳಿಗಳು ಅಚ್ಚಾಗುತ್ತಿವೆ.

ಮುನಿಗಳ ಪ್ರವಚನಗಳ ವಿಷಯ ಸ್ವಲ್ಪ ಸೂಕ್ಷ್ಮ. ಸಾರ್ವಜನಿಕವಾಗಿ ಮಾಡಿದ ಭಾಷಣಕ್ಕೆ ಭಾಷಣಕಾರನೇ ಮೊದಲ ಒಡೆಯನೆಂದು ಕಾಯಿದೆ ಹೇಳುತ್ತದೆ. ಸರ್ವಪರಿಗ್ರಹವನ್ನೂ ತ್ಯಜಿಸಿದವರನ್ನು ಕಾಯಿದೆಯು ಹೀಗೆ ಒಡೆಯರನ್ನಾಗಿ ಮಾಡುವುದು ಸೋಜಿಗವೇ. ಅವರು ಹಕ್ಕನ್ನು ಕೇಳಲಾರರೆಂಬ ಧೈರ್ಯದಿಂದ ಇಬ್ಬರು ಮೂವರು ಪ್ರಕಾಶಕರು ಅದೇ ಪ್ರವಚನವನ್ನು ಬೇರೆಬೇರೆಯಾಗಿ ತಿದ್ದಿ ಪ್ರಕಟಿಸುವುದು ಗೌರವವಲ್ಲ. ಹೇಳಿದ್ದೇ ಅಚ್ಚಾಗಿದೆಯೆಂಬುದನ್ನು ಅವರಿಗೆ ಓದಿ ಹೇಳಿ, ಸಮ್ಮತಿಯನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಲೇಸು.

ಆಡಳಿತ ಮಂಡಳಿಗಳು ಬಾಯಿಮಾತನ್ನೇ ಕರಾರೆಂದು ತಿಳಿಯಬಾರದು. ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಆಗಬೇಕು. ಅವಧಿಯನ್ನು ಕಾಣಿಸದಿದ್ದರೆ ಅದು 5 ವರ್ಷಗಳಿಗೆ ಮಾತ್ರ. ಪ್ರದೇಶವನ್ನು ಕಾಣಿಸದಿದ್ದರೆ ಭಾರತಕ್ಕೆ ಮಾತ್ರ. ಹೊರದೇಶಗಳಲ್ಲಿರುವ ಬಂಧುಗಳಿಗಾಗಿ ಅಲ್ಲಿ ಮುದ್ರಿಸುವವರು ಇದನ್ನು ಗಮನಿಸಬೇಕು. ಲೇಖಕರು ತೀರಿಕೊಂಡು ವಾರಸುದಾರರು ಪತ್ತೆಯಾಗದಿದ್ದಲ್ಲಿ ಅರ್ಜಿ ಸಲ್ಲಿಸಿ ಪರವಾನಗಿ ಪಡೆಯುವ ದಾರಿಯನ್ನೂ ಕಾಯಿದೆ ಇಟ್ಟಿದೆ. ಅದು ನಿಧಾನದ ದಾರಿ; ಬಹಳಷ್ಟು ಸಂದರ್ಭಗಳಲ್ಲಿ ಪಂಡಿತರ ಊರಿಗೆ ಬರೆದ ಒಂದು ಪತ್ರ ಅದಕ್ಕಿಂತ ಬೇಗ ಫಲ ಕೊಡುತ್ತದೆ. ಧಾರ್ಮಿಕ ಪುಸ್ತಕಕ್ಕೆಂದರೆ ಒಪ್ಪದ ಮನೆತನಗಳು ವಿರಳ. ಕೇಳದೆ ಅಚ್ಚು ಮಾಡಿದ ಮೇಲೆ ಅದೇ ಮನೆತನ ನೊಂದುಕೊಳ್ಳುತ್ತದೆ, ಹಣದ ಆಸೆಯಿಂದಲ್ಲ, ತಂದೆಯ ಹೆಸರು ಬಿಟ್ಟುಹೋಯಿತೆಂದು.

ಹಳೆಯ ಪ್ರತಿಗಳನ್ನು ಇಟ್ಟುಕೊಂಡಿರುವ ಬಸದಿಗಳೂ ಮನೆತನಗಳೂ ಇಂದಿಗೂ ಇವೆ. ತುಳುನಾಡಿನ ಭಂಡಾರಗಳ ಸಿರಿಯನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಪ್ರಕಟವಾದ ತಾಡಪತ್ರೀಯ ಗ್ರಂಥಸೂಚಿಯಿಂದ ಅಳೆಯಬಹುದು. ಅಂತಹ ಭಂಡಾರದವರು ತಿಳಿದಿರಬೇಕಾದ ಒಂದು ಮಾತಿದೆ. ಓಲೆಯ ಒಡೆತನದಿಂದ ಅದರಲ್ಲಿರುವ ಗ್ರಂಥದ ಸ್ವಾಮ್ಯ ಬರುವುದಿಲ್ಲ. ಛಾಯಾಚಿತ್ರ ತೆಗೆಯಲು ಬರುವವರಿಗೆ ಷರತ್ತು ಹಾಕುವ ಅಧಿಕಾರ ಅವರಿಗಿದೆ. ಆದರೆ ಆ ಷರತ್ತು ವಾಗ್ದಾನದ ಬಲದಿಂದ ನಿಲ್ಲುವಂಥದು, ವೀರಸೇನರ ವಾಕ್ಯದ ಮೇಲಿನ ಹಕ್ಕಿನಿಂದಲ್ಲ. ಅಚ್ಚಾಗದ ಹಳೆಯ ಕೃತಿಯನ್ನು ಸಂಶೋಧನೆಗಾಗಿ ಒಬ್ಬರು ಕೇಳಿದಾಗ, ಒಂದು ಪ್ರತಿ ಭಂಡಾರಕ್ಕೂ ಬರತಕ್ಕದ್ದು, ಭಂಡಾರದ ಹೆಸರು ಮುಖಪುಟದ ಹಿಂದೆ ಅಚ್ಚಾಗತಕ್ಕದ್ದು ಎಂದು ಬರೆಸಿಕೊಂಡು ಕೊಡಬಹುದು. 1895ರಲ್ಲಿ ಇಂತಹ ಒಂದು ಕಾಗದ ಆಗಿದ್ದರೆ ಗಜಪತಿ ಶಾಸ್ತ್ರಿಗಳು ರಾತ್ರಿಯ ದೀಪದಲ್ಲಿ ಬರೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಮಲ್ಲಿಕಬ್ಬೆಯ ಮಹಾಬಂಧದ ಪ್ರತಿಯ ಕೊನೆಯಲ್ಲಿ ಪ್ರಶಸ್ತಿಯೊಂದಿದೆ. ಬರೆಯಿಸಿದವಳು ಯಾರು, ಯಾವ ವ್ರತದ ನಿಮಿತ್ತ ಬರೆಯಿಸಿದಳು, ಯಾರಿಗೆ ಕೊಟ್ಟಳು ಎಂಬ ಮೂರೂ ಅದರಲ್ಲಿವೆ. ಮೂಲಗ್ರಂಥವನ್ನು ಅವಳು ತನ್ನದೆನ್ನಲಿಲ್ಲ.